ಅಳಿಯ ಬಿಟ್ಟುಹೋದ ಡ್ರೈ ಟ್ರ್ಯಾಕ್‌ಗಳು: ಒಂದು ಮಳೆಗಾಲದ ರೀಆಂಪ್

ಅಕ್ಕನ ಮಗ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮೂರು. ಹಂಚಿನ ಮನೆ, ಹಿಂದೆ ಅಡಿಕೆ ತೋಟ. ಬರುವಾಗ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಹದಿನೈದು ದಿನ ಅಟ್ಟದ ಮೇಲೆ ಕೂತು ಒಂದು ಟ್ಯೂನ್ ಕಟ್ಟಿದ. ಹಾಡು ಇಲ್ಲ, ಬರೀ ಗಿಟಾರ್. ನಾಲ್ಕು ನಿಮಿಷ ಹತ್ತು ಸೆಕೆಂಡ್. ಹೋಗುವ ಹಿಂದಿನ ದಿನ ಅದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿದ. ಮಾರನೇ ದಿನ ಮಂಗಳೂರಿನ ಬಸ್ ಹತ್ತಿದ. ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ.

ಜುಲೈನಲ್ಲಿ ಒಂದು ರಾತ್ರಿ ಫೋನ್ ಮಾಡಿದ.

"ಮಾವ, ನಾನು ನುಡಿಸಿದ್ದು ಸರಿ ಇದೆ. ಸೌಂಡ್ ಮಾತ್ರ ಚೂರೂ ಚೆನ್ನಾಗಿಲ್ಲ. ನಿಮ್ಮ ಪೆಡಲ್‌ನಲ್ಲಿ ರೀಆಂಪ್ ಮಾಡಿ ಕೊಡ್ತೀರಾ?"

ನಾನು ಹಿಂದೆ ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವನು. ಮದುವೆ, ಗಣಪತಿ ಹಬ್ಬ ಅಂತ ಸುಮಾರು ವರ್ಷ ಓಡಾಡಿದ್ದೇನೆ. ರೀಆಂಪ್ ಅಂದರೆ ಮೊದಲೇ ರೆಕಾರ್ಡ್ ಆದ ಬರೀ ಗಿಟಾರ್ ಸದ್ದನ್ನು ಆಂಪ್ ಅಥವಾ ಪೆಡಲ್ ಮೂಲಕ ಹಾಯಿಸಿ ಹೊಸ ಸೌಂಡ್‌ನಲ್ಲಿ ಮತ್ತೆ ರೆಕಾರ್ಡ್ ಮಾಡುವುದು, ಅಷ್ಟು ಗೊತ್ತಿತ್ತು. ಕೈಯಾರೆ ಮಾಡಿರಲಿಲ್ಲ. "ಆಯ್ತು ಮಾರಾಯ, ಮಾಡೋಣ" ಅಂದೆ.

ಅವನು ರೆಕಾರ್ಡ್ ಮಾಡಿದ ರೀತಿ ಹೀಗಿತ್ತು. ಗಿಟಾರಿನ ಕೇಬಲ್ ನೇರ ಇಂಟರ್ಫೇಸ್‌ಗೆ, ಅಂದರೆ ಸದ್ದನ್ನು ಲ್ಯಾಪ್‌ಟಾಪ್‌ನ ಒಳಗೂ ಹೊರಗೂ ಸಾಗಿಸುವ ಪೆಟ್ಟಿಗೆಗೆ. ನುಡಿಸುವಾಗ ಅವನ ಕಿವಿಗೆ ಕೇಳುತ್ತಿದ್ದದ್ದು ಒಂದು ಸಾಫ್ಟ್‌ವೇರ್ ಆಂಪ್‌ನ ಸೌಂಡ್. ಫೈಲ್‌ನಲ್ಲಿ ಉಳಿದದ್ದು ಬರೀ ಗಿಟಾರ್, ಅಂದರೆ ಡ್ರೈ ಟ್ರ್ಯಾಕ್. ಆ ಸಾಫ್ಟ್‌ವೇರ್ ಕೆಲವು ದಿನ ಮಾತ್ರ ಉಚಿತವಾಗಿ ನಡೆಯುವಂಥದ್ದು, ಅವಧಿ ಮುಗಿದು ನಿಂತುಹೋಗಿತ್ತು. ಹಾಗಾಗಿ ಅವನಿಗೆ ಆಗ ಏನು ಕೇಳಿಸಿತ್ತು ಅಂತ ನನಗೆ ಗೊತ್ತಾಗುವ ದಾರಿ ಇರಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಆಮೇಲೆ ತಿಳಿಯಿತು.

ಡ್ರೈ ಟ್ರ್ಯಾಕ್ ಹಾಕಿ ಕೇಳಿದೆ. ಮೈಮೇಲೆ ಏನೂ ಇಲ್ಲದ, ತೆಳ್ಳಗಿನ ಟಣ್ ಟಣ್ ಸದ್ದು. ಆದರೆ ಅದರಲ್ಲಿ ಅವನ ಕೈ ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲ ಭಾಗ ಬೆರಳಿನಲ್ಲಿ ಮೀಟಿದ್ದ, ತುಂಬ ಮೆತ್ತಗೆ. ನಡುವೆ ಪಿಕ್ ಹಿಡಿದು ಜೋರಾಗಿ ಕಾರ್ಡ್ಸ್. ಕೊನೆಯಲ್ಲಿ ಸೋಲೋ. ರಿದಮ್ಮನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿದ್ದ, ಎಡಕ್ಕೊಂದು ಬಲಕ್ಕೊಂದು. ಒಟ್ಟು ಮೂರು ಟ್ರ್ಯಾಕ್, ಜೊತೆಗೆ ಒಂದು ಡ್ರಮ್ ಲೂಪ್. ಆ ಮೆತ್ತಗಿನ ಬೆರಳು ಹಾಗೇ ಉಳಿಯಬೇಕು ಅಂತ ಅವತ್ತೇ ಮನಸ್ಸಿಗೆ ಬಂತು.

ಆ ದಿನಗಳಲ್ಲಿ ಪುನರ್ವಸು ಮಳೆ. ಹಂಚಿನ ಮೇಲೆ, ಕೊಟ್ಟಿಗೆಯ ತಗಡಿನ ಮೇಲೆ ಎಡೆಬಿಡದೆ ಬಡಿಯುತ್ತಿತ್ತು. ಮೈಕ್ ಇಟ್ಟು ರೆಕಾರ್ಡ್ ಮಾಡುವ ಮಾತೇ ಇಲ್ಲ. ಹೊಳವಾದ ಹಗಲು ಸಿಕ್ಕಿದರೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು, ಇಲ್ಲದಿದ್ದರೆ ಕೊಳೆರೋಗಕ್ಕೆ ಕಾಯಿ ಉಳಿಯುವುದಿಲ್ಲ. ಉಳಿದದ್ದು ರಾತ್ರಿ ಮಾತ್ರ. ರೀಆಂಪ್‌ಗೆ ಇವ್ಯಾವುದೂ ಅಡ್ಡಿಯಲ್ಲ. ಎಲ್ಲ ಕೇಬಲ್ ಒಳಗೇ ನಡೆಯುತ್ತದೆ. ಮಳೆ ಎಷ್ಟು ಸುರಿದರೂ ಟ್ರ್ಯಾಕ್‌ಗೆ ಒಂದು ಹನಿ ಸದ್ದು ಹೋಗುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಎರಡು ಇನ್‌ಪುಟ್, ಎರಡು ಔಟ್‌ಪುಟ್‌ನ ಸಣ್ಣ ಇಂಟರ್ಫೇಸ್. ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರ್. ನಾಲ್ಕು ಪೆನ್ ಸೆಲ್‌ನಲ್ಲೂ ಅಡಾಪ್ಟರ್‌ನಲ್ಲೂ ನಡೆಯುವ ಒಂದು ಮಲ್ಟಿ ಎಫೆಕ್ಟ್ಸ್ ಪೆಡಲ್. ಪೆಡಲ್‌ನಲ್ಲಿ ಯುಎಸ್‌ಬಿ ಇದೆ, ಆದರೆ ಪ್ಯಾಚ್ (ಉಳಿಸಿಟ್ಟ ಸೌಂಡ್ ಸೆಟ್ಟಿಂಗ್) ತಿದ್ದೋಕೆ ಮಾತ್ರ, ಅದರಲ್ಲಿ ಆಡಿಯೊ ಹೋಗುವುದಿಲ್ಲ. ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ಥರದ ಪೆಡಲ್ ಇದ್ದವರಿಗೆ ಕೆಲಸ ಸುಲಭ. ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಡ್ರೈ ಟ್ರ್ಯಾಕ್ ಒಳಗೆ ಹೋಗಿ ಸೌಂಡ್ ಹೊರಗೆ ಬರುತ್ತದೆ. ನಾನು ಮಾಡಬೇಕಾದದ್ದು ಹಳೇ ದಾರಿ: ಇಂಟರ್ಫೇಸ್‌ನ ಔಟ್‌ಪುಟ್‌ನಿಂದ ಪೆಡಲ್‌ಗೆ, ಪೆಡಲ್‌ನಿಂದ ವಾಪಸ್ ಇಂಟರ್ಫೇಸ್‌ಗೆ.

ಮೊದಲ ರಾತ್ರಿ ಸುಮ್ನೆ ಜೋಡಿಸಿ ನೋಡಿದೆ. ಒಂದನೇ ಔಟ್‌ಪುಟ್‌ನಿಂದ ಪೆಡಲ್‌ನ ಇನ್‌ಪುಟ್‌ಗೆ ಒಂದು ಕೇಬಲ್. ಪೆಡಲ್‌ನಿಂದ ಎರಡನೇ ಇನ್‌ಪುಟ್‌ಗೆ ಇನ್ನೊಂದು. ಕ್ಲೀನ್ ಪ್ಯಾಚ್, ಅಂದರೆ ಸದ್ದನ್ನು ಒಡೆಯದ ಪ್ಯಾಚ್ ಹಾಕಿದೆ. ಪೆಡಲ್ ಏನು ಕೊಡುತ್ತಿದೆ ಅಂತ ಕೇಳೋಣ ಅಂತ ಇಂಟರ್ಫೇಸ್‌ನ ಡೈರೆಕ್ಟ್ ಮಾನಿಟರ್ ಒತ್ತಿದೆ. ಹೆಡ್‌ಫೋನ್‌ನಲ್ಲಿ ಕಿವಿ ಸೀಳುವ ಹಾಗೆ ಕೂಗಿತು. ತಕ್ಷಣ ಕಿತ್ತೆಸೆದೆ. ಎಷ್ಟೋ ಸಣ್ಣ ಇಂಟರ್ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಒತ್ತಿದರೆ ಒಳಗೆ ಬಂದದ್ದು ಹೆಡ್‌ಫೋನ್‌ಗೆ ಮಾತ್ರ ಅಲ್ಲ, ಹಿಂದಿನ ಔಟ್‌ಪುಟ್‌ಗೂ ಹೋಗುತ್ತದೆ. ಅಲ್ಲಿಂದ ಪೆಡಲ್‌ಗೆ, ಪೆಡಲ್‌ನಿಂದ ಮತ್ತೆ ಒಳಗೆ. ಗಾಣ ಸುತ್ತಿದ ಹಾಗೆ ಸುತ್ತುತ್ತಾ ಏರುತ್ತದೆ. ಯಾರಾದರೂ ಇದನ್ನು ಮಾಡುವುದಾದರೆ ಮೊದಲು ಡೈರೆಕ್ಟ್ ಮಾನಿಟರ್ ಆಫ್ ಮಾಡಿ. ಎಲ್ಲ ಸರಿ ಇದೆ ಅಂತ ಖಾತ್ರಿಯಾಗುವವರೆಗೆ ಹೆಡ್‌ಫೋನ್ ಕುತ್ತಿಗೆಯಲ್ಲೇ ಇರಲಿ. ಕಿವಿ ಹೋದರೆ ಮತ್ತೆ ಸಿಗುವುದಿಲ್ಲ.

ಆಮೇಲೆ ಕಂಡುಕೊಂಡ ದಾರಿ ಇದು. ಡ್ರೈ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ಪ್ಯಾನ್ ಮಾಡಿದೆ, ಅದು ಒಂದನೇ ಔಟ್‌ಪುಟ್‌ಗೆ ಮಾತ್ರ ಹೋಗುತ್ತದೆ. ಪೆಡಲ್‌ನಿಂದ ವಾಪಸ್ ಬಂದದ್ದನ್ನು ಪೂರ್ತಿ ಬಲಕ್ಕೆ. ಡ್ರಮ್ ಲೂಪ್ ಬೇಕಾದರೆ ಅದೂ ಬಲಕ್ಕೇ. ಎಡಕ್ಕೆ ಬೇರೆ ಏನೂ ಸೋರಬಾರದು, ಸೋರಿದರೆ ಅದೂ ಪೆಡಲ್ ಒಳಗೆ ಹೋಗುತ್ತದೆ. ಹೀಗೆ ಮಾಡಿದಾಗ ಎಡ ಕಿವಿಯಲ್ಲಿ ಅಳಿಯನ ಬರಿಗೈ, ಬಲ ಕಿವಿಯಲ್ಲಿ ಪೆಡಲ್‌ನ ಸೌಂಡ್. ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ಅದೇ ಇಷ್ಟವಾಯಿತು. ಅವನು ನುಡಿಸಿದ್ದು ಏನು, ಪೆಡಲ್ ಅದನ್ನು ಏನು ಮಾಡುತ್ತಿದೆ ಅಂತ ಎರಡೂ ಒಟ್ಟಿಗೆ ತಿಳಿಯುತ್ತದೆ, ಅಲ್ವಾ.

ಆದರೆ ಕ್ಲೀನ್ ಪ್ಯಾಚ್ ಕ್ಲೀನ್ ಆಗಿರಲಿಲ್ಲ. ಮೆತ್ತಗಿನ ಭಾಗವೂ ಒಡೆದು ಬರುತ್ತಿತ್ತು. ಮೆತ್ತಗೆ ಮೀಟಿದ್ದು, ಜೋರಾಗಿ ಹೊಡೆದದ್ದು ಎಲ್ಲ ಒಂದೇ ಎತ್ತರ. ಕಾರಣ ಲೆವೆಲ್. ಗಿಟಾರ್‌ನಿಂದ ಬರುವ ಸಿಗ್ನಲ್ ಸಣ್ಣದು, ಪೆಡಲ್ ಅದನ್ನು ನಂಬಿ ಕಟ್ಟಿದ್ದು. ಇಂಟರ್ಫೇಸ್‌ನ ಲೈನ್ ಔಟ್‌ಪುಟ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪೈಪಿನ ನೀರು ಕುಡಿಯುವ ಗಿಡಕ್ಕೆ ಹೊಳೆ ತಿರುಗಿಸಿದ ಹಾಗೆ. ಇದಕ್ಕಾಗಿಯೇ ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಜಾನ್ ಕುನಿಬರ್ಟಿ 1990ರ ದಶಕದಲ್ಲಿ ರೀಆಂಪ್ ಅನ್ನುವ ಹೆಸರಿನಲ್ಲೇ ಒಂದು ಪೆಟ್ಟಿಗೆ ಮಾಡಿದರು. ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಲೈನ್ ಸಿಗ್ನಲ್ಲನ್ನು ಗಿಟಾರ್ ಸಿಗ್ನಲ್‌ನಂತೆ ಮಾಡಿ ಕೊಡುತ್ತದೆ. ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಆದರೆ ಮೂರು ಟ್ರ್ಯಾಕ್‌ಗಾಗಿ ಅದನ್ನು ತರಿಸುವಷ್ಟು ಅಗತ್ಯ ನನಗೆ ಕಾಣಲಿಲ್ಲ. ಹಳೇ ಫಜ್ ಪೆಡಲ್ ಆದರೆ ಅದು ಗಿಟಾರಿನ ಪಿಕಪ್ ಜೊತೆ ನೇರ ಒಡನಾಡುತ್ತದೆ, ಅಲ್ಲಿ ಪೆಟ್ಟಿಗೆ ಬೇಕಾಗಬಹುದು. ಡಿಜಿಟಲ್ ಪೆಡಲ್‌ಗೆ ಮುಖ್ಯವಾಗಿ ಬೇಕಾದದ್ದು ಸರಿಯಾದ ಲೆವೆಲ್.

ಔಟ್‌ಪುಟ್ ನಾಬನ್ನೇ ತಗ್ಗಿಸಬಹುದಲ್ಲ ಅಂತ ಕೇಳಬಹುದು. ತಗ್ಗಿಸಿ ನೋಡಿದೆ. ನಾಬ್ ತಳಕ್ಕೆ ಬಂದು ಕೂತಿತು. ಅಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಲೆವೆಲ್ ಹಾರುತ್ತದೆ. ಸುಸ್ ಅನ್ನುವ ಸದ್ದೂ ಜಾಸ್ತಿ. ಶಿವಮೊಗ್ಗಕ್ಕೆ ಬೇರೆ ಕೆಲಸಕ್ಕೆ ಹೋದ ದಿನ ನೆಹರು ರಸ್ತೆ ಕಡೆ ಬಿಡಿಭಾಗದ ಅಂಗಡಿಯಲ್ಲಿ ಎರಡು ರೆಸಿಸ್ಟರ್, ಎರಡು ಜ್ಯಾಕ್ ತಂದೆ. 10 ಕಿಲೋ ಓಮ್‌ನದು ಸಿಗ್ನಲ್ ದಾರಿಯಲ್ಲಿ, 1 ಕಿಲೋ ಓಮ್‌ನದು ಸಿಗ್ನಲ್‌ನಿಂದ ಗ್ರೌಂಡ್‌ಗೆ. ಇಷ್ಟೇ. ಸಿಗ್ನಲ್ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಸುಮಾರು 21 ಡೆಸಿಬೆಲ್ ಕಡಿಮೆ. ಖಾಲಿ ಸುಣ್ಣದ ಡಬ್ಬಿಯಲ್ಲಿ ಇಟ್ಟು ಬೆಸುಗೆ ಹಾಕಿದೆ. ಈಗ ನಾಬ್ ನಡು ಭಾಗಕ್ಕೆ ಬಂತು.

ನಡು ಭಾಗ ಅಂದರೆ ಎಲ್ಲಿ? ಇದೇ ಇಡೀ ಕೆಲಸದ ಬೇರು ಅಂತ ನನಗೆ ಅನ್ನಿಸುತ್ತದೆ. ಅಂದಾಜಿಗೆ ಬಿಡಬಾರದು. ಗಿಟಾರ್ ಪೆಡಲ್‌ಗೆ ಎಷ್ಟು ಕೊಡುತ್ತಿತ್ತೋ ಅಷ್ಟೇ ಈಗಲೂ ಹೋಗಬೇಕು. ಅದನ್ನು ಅಳೆಯುವ ದಾರಿ ಇದೆ. ಡಬ್ಬಿಯಿಂದ ಬರುವ ಕೇಬಲ್ಲನ್ನು ಪೆಡಲ್‌ಗೆ ಹಾಕುವ ಬದಲು, ಮೊದಲು ಗಿಟಾರ್ ಚುಚ್ಚಿದ್ದ ಅದೇ ಒಂದನೇ ಇನ್‌ಪುಟ್‌ಗೆ ಹಾಕಬೇಕು. ಆ ಇನ್‌ಪುಟ್‌ನ ಗೇನ್, ಅಂದರೆ ಒಳಬರುವ ಸಿಗ್ನಲ್ಲನ್ನು ಏರಿಸುವ ಪ್ರಮಾಣ, ರೆಕಾರ್ಡಿಂಗ್ ದಿನ ಎಲ್ಲಿತ್ತೋ ಅಲ್ಲೇ ಇರಬೇಕು. ಡ್ರೈ ಟ್ರ್ಯಾಕ್ ಬಿಟ್ಟು ಮತ್ತೆ ರೆಕಾರ್ಡ್ ಮಾಡಬೇಕು. ಹೊಸದರ ಮೀಟರ್ ಹಳೆಯದಕ್ಕೆ ಸರಿಸಮ ಬಂದರೆ, ಕೇಬಲ್‌ನ ತುದಿಯಲ್ಲಿ ಈಗ ಇರುವುದು ಗಿಟಾರ್ ಕೊಟ್ಟಷ್ಟೇ ಸಿಗ್ನಲ್. ಆಮೇಲೆ ಅದನ್ನು ಪೆಡಲ್‌ಗೆ ಹಾಕಿದರೆ ಪೆಡಲ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ತೊಂದರೆ ಏನೆಂದರೆ ಆ ಗೇನ್ ನಾಬನ್ನು ನಾನು ನಡುವೆ ಮುಟ್ಟಿದ್ದೆ. ಮಗಳು ಶಾಲೆಯ ಪ್ರಾರ್ಥನೆ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಟ್ಟಿದ್ದೆ. ಅಳಿಯನಿಗೆ ಫೋನ್ ಮಾಡಿದೆ.

"ಗೇನ್ ಎಲ್ಲಿಟ್ಟಿದ್ದೆ, ನೆನಪಿದೆಯಾ?"

"ಇಲ್ಲ ಮಾವ. ಅಮ್ಮಂಗೆ ಕಳಿಸೋಕೆ ವಿಡಿಯೊ ಮಾಡಿದ್ದೆ. ಅದರಲ್ಲಿ ಮೇಜು ಕಾಣುತ್ತೆ. ನೋಡ್ತೀರಾ?"

ಅಕ್ಕನ ಫೋನ್‌ನಿಂದ ವಿಡಿಯೊ ತರಿಸಿಕೊಂಡೆ. ಅವನ ಮೊಣಕೈ ಪಕ್ಕದಲ್ಲಿ ಇಂಟರ್ಫೇಸ್ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಗೇನ್ ನಾಬ್‌ನ ಗೆರೆ ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ. ಅಲ್ಲಿಗೆ ತಿರುಗಿಸಿ ಅಂಟು ಟೇಪ್ ಹಾಕಿದೆ. ಅಳೆದೆ. ಹಳೇ ಟ್ರ್ಯಾಕ್‌ನ ಅತಿ ಎತ್ತರದ ಜಾಗ ಮೀಟರ್‌ನಲ್ಲಿ ಮೈನಸ್ 9. ಔಟ್‌ಪುಟ್ ನಾಬ್ ತಿರುಗಿಸುತ್ತಾ ಹೋದೆ. ನಾಲ್ಕನೇ ಸಲಕ್ಕೆ ಹೊಸದೂ ಮೈನಸ್ 9ಕ್ಕೆ ಬಂತು. ಔಟ್‌ಪುಟ್ ನಾಬ್‌ಗೂ ಟೇಪ್. ಹೆಡ್‌ಫೋನ್‌ಗೆ ಬೇರೆ ನಾಬ್ ಇದ್ದದ್ದು ಪುಣ್ಯ. ಕೇಬಲ್ ಪೆಡಲ್‌ಗೆ ಹಾಕಿದೆ. ಕ್ಲೀನ್ ಪ್ಯಾಚ್ ಈಗ ನಿಜಕ್ಕೂ ಕ್ಲೀನ್.

ಆದರೂ ಮೆತ್ತಗಿನ ಭಾಗ ಪೂರ್ತಿ ಬರಲಿಲ್ಲ.

ಗುಂಯ್ ಅನ್ನುವ ಸದ್ದು ಮೊದಲಿನಿಂದಲೂ ಇತ್ತು. ಕ್ಲೀನ್‌ನಲ್ಲಿ ಸಣ್ಣದಾಗಿ, ಗೇನ್ ಏರಿಸಿದರೆ ಜೇನುಗೂಡಿನ ಹಾಗೆ. ಅದಕ್ಕೆ ಪೆಡಲ್‌ನ ನಾಯ್ಸ್ ಗೇಟ್ ಹಾಕಿದ್ದೆ. ಗೇಟ್ ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಮುಚ್ಚಿಬಿಡುವ ಬಾಗಿಲು. ಅದಕ್ಕೆ ಯಾವುದು ಗುಂಯ್, ಯಾವುದು ಬೆರಳು ಅಂತ ಗೊತ್ತಾಗುವುದಿಲ್ಲ. ಅಳಿಯ ಮೀಟಿ ಬಿಟ್ಟ ಸ್ವರ ಮೆಲ್ಲಗೆ ಆರುವ ಮೊದಲೇ ಬಾಗಿಲು ಮುಚ್ಚುತ್ತಿತ್ತು. ಬಾಲ ಕತ್ತರಿಸಿದ ಸ್ವರಗಳು. ಗೇಟ್ ತೆಗೆದರೆ ಗುಂಯ್, ಹಾಕಿದರೆ ಕತ್ತರಿ. ಕೇಬಲ್ ಬದಲಿಸಿದೆ, ಡಬ್ಬಿಗೆ ಮತ್ತೆ ಬೆಸುಗೆ ಹಾಕಿದೆ, ಪೆಡಲ್ಲನ್ನು ಲ್ಯಾಪ್‌ಟಾಪ್‌ನಿಂದ ದೂರ ಇಟ್ಟೆ. ಎರಡು ರಾತ್ರಿ ಹೋಯಿತು.

ಮೂರನೇ ರಾತ್ರಿ ಗಾಳಿ ಜೋರಾಗಿ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದಿರಬೇಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಇಂಟರ್ಫೇಸ್‌ಗೆ ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಕರೆಂಟ್. ಪೆಡಲ್ ಮಾತ್ರ ಆರಿತ್ತು. ಮೇಜಿನ ಖಾನೆಯಲ್ಲಿ ಹುಡುಕಿ ನಾಲ್ಕು ಪೆನ್ ಸೆಲ್ ಹಾಕಿದೆ. ಸುಮ್ನೆ ಕೂರುವುದಕ್ಕಿಂತ ಒಂದು ಸಲ ಬಿಟ್ಟು ನೋಡೋಣ ಅಂತ ಪ್ಲೇ ಒತ್ತಿದೆ.

ಗುಂಯ್ ಇಲ್ಲವೇ ಇಲ್ಲ.

ಕತ್ತಲೆಯಲ್ಲಿ ಕೂತು ಗೇಟ್ ಆಫ್ ಮಾಡಿದೆ. ಅಳಿಯನ ಬೆರಳು ತಂತಿಗೆ ತಾಗುವುದು, ತಂತಿ ಬಿಡುವುದು, ಸ್ವರ ಆರುತ್ತಾ ಆರುತ್ತಾ ಮುಂದಿನ ಸ್ವರದ ಕೆಳಗೆ ಸೇರಿಕೊಳ್ಳುವುದು, ಎಲ್ಲ ಬಂತು. ಹೊರಗೆ ಮಳೆ, ಕಿವಿಯಲ್ಲಿ ಇದು. ಪೂರ್ತಿ ಮೂರು ಸಲ ಕೇಳಿದೆ.

ಮಾರನೇ ವಾರ ಪೇಟೆಯಲ್ಲಿ ಹಳೇ ಪರಿಚಯದ ಮೈಕ್‌ಸೆಟ್‌ನವರ ಹತ್ತಿರ ಹೇಳಿದೆ. ಅವರಿಗೆ ಕೇಳಿದ ಕೂಡಲೇ ತಿಳಿಯಿತು. "ಲ್ಯಾಪ್‌ಟಾಪ್ ಚಾರ್ಜರ್ ಒಂದು ಕಡೆ, ಪೆಡಲ್ ಅಡಾಪ್ಟರ್ ಇನ್ನೊಂದು ಕಡೆ. ಎರಡೂ ಗೋಡೆಗೆ ಚುಚ್ಚಿದ್ದೀರಿ, ಆಡಿಯೊ ಕೇಬಲ್ ಎರಡನ್ನೂ ಕೂಡಿಸುತ್ತೆ. ಗ್ರೌಂಡ್ ಸುತ್ತು ಹಾಕುತ್ತೆ ಮಾರಾಯ್ರೆ. ನಿಮ್ಮ ಮನೆ ಅರ್ಥಿಂಗ್ ಒಂದು ಸಲ ತೋರಿಸಿ" ಅಂದರು. ಹಾಗೇ ಗಿಟಾರನ್ನು ಮಿಕ್ಸರ್‌ಗೆ ಜೋಡಿಸಲು ಬಳಸುವ ಒಂದು ಪ್ಯಾಸಿವ್ ಡಿಐ ಬಾಕ್ಸ್ ಕೊಟ್ಟು, ಇದನ್ನು ಹಿಂದುಮುಂದಾಗಿ ಬಳಸಿ, ಒಳಗಿನ ಟ್ರಾನ್ಸ್‌ಫಾರ್ಮರ್ ಎರಡು ಕಡೆಯ ಗ್ರೌಂಡನ್ನು ಬೇರೆ ಮಾಡುತ್ತೆ ಅಂದರು. ಹಾಕಿ ನೋಡಿದೆ. ಕರೆಂಟ್‌ನಲ್ಲೂ ಗುಂಯ್ ಹೋಯಿತು. ಆದರೆ ತಿರುಗಿಸಿ ಬಳಸಿದಾಗ ಆ ಟ್ರಾನ್ಸ್‌ಫಾರ್ಮರ್ ಲೆವೆಲ್ಲನ್ನು ಏರಿಸುತ್ತದೆ, ಮತ್ತೆ ನಾಬ್ ತಳಕ್ಕೆ. ನಾನು ಪೆನ್ ಸೆಲ್‌ಗೇ ವಾಪಸ್ ಬಂದೆ. ಲ್ಯಾಪ್‌ಟಾಪ್ ಬ್ಯಾಟರಿ ಎರಡು ಗಂಟೆ ಬರುತ್ತದೆ, ನಾಲ್ಕು ನಿಮಿಷದ ಪಾಸ್‌ಗೆ ಧಾರಾಳ.

ಸೌಂಡ್ ಕಟ್ಟುವ ಕೆಲಸ ಇದಾದ ಮೇಲೆ ಸುಖವಾಗಿತ್ತು. ಆರ್ಕೆಸ್ಟ್ರಾ ದಿನಗಳಲ್ಲಿ ಎರಡೂ ಕೈ ಗಿಟಾರ್ ಮೇಲೆ, ನಾಬ್ ತಿರುಗಿಸಲು ನುಡಿಸುವುದನ್ನು ನಿಲ್ಲಿಸಬೇಕು. ಈಗ ಎಂಟು ಬಾರ್ ಸುತ್ತಿ ಸುತ್ತಿ ನುಡಿಯುತ್ತಿರುತ್ತದೆ, ನನ್ನ ಎರಡೂ ಕೈ ಖಾಲಿ. ಜೋರಿನ ಭಾಗಕ್ಕೆ ಗೇನ್ 70ಕ್ಕೆ ಇಟ್ಟು ಶುರು ಮಾಡಿದವನು 40ಕ್ಕೆ ಇಳಿದೆ. ಎಡ ಬಲ ಎರಡು ಗಿಟಾರ್ ಸೇರಿದಾಗ ಗೇನ್ ತಾನಾಗಿ ಜಾಸ್ತಿ ಕೇಳುತ್ತದೆ. ಗಿಟಾರಿನ ದಪ್ಪ ತಂತಿ ಬರೀ ಮೀಟಿದರೆ ಸುಮಾರು 82 ಹರ್ಟ್ಸ್, ಅದರ ಕೆಳಗೆ ಇರುವುದು ಬರೀ ಗೊಂದಲ ಅಂತ 80ರ ಕೆಳಗೆ ಕತ್ತರಿಸಿದೆ. ಮೇಲೆ 6000 ಹರ್ಟ್ಸ್‌ನಿಂದ ಆಚೆ ಚುಚ್ಚುತ್ತಿದ್ದದ್ದನ್ನು ಇಳಿಸಿದೆ. ಪೆಡಲ್‌ನಲ್ಲಿ ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲು, ಬದಲಿಸಿದಾಗ ಆದಷ್ಟು ವ್ಯತ್ಯಾಸ ಆಂಪ್ ಬದಲಿಸಿದಾಗಲೂ ಆಗಲಿಲ್ಲ. ಎಲ್ಲರೂ ಆಂಪ್ ಹೆಸರನ್ನೇ ಕೇಳುತ್ತಾರೆ, ಕ್ಯಾಬಿನೆಟ್ ಕೇಳುವುದಿಲ್ಲ.

ಒಂದೇ ಡ್ರೈ ಟ್ರ್ಯಾಕನ್ನು ಎರಡು ಬೇರೆ ಪ್ಯಾಚ್‌ನಲ್ಲಿ ಹಾಯಿಸಿ ಎಡ ಬಲಕ್ಕೆ ಇಟ್ಟರೆ ಹರವು ಬರುತ್ತದೆಯೇ ಅಂತ ನೋಡಿದೆ. ಬರುವುದಿಲ್ಲ. ಕೈ ಒಂದೇ ಆದ್ದರಿಂದ ಸದ್ದು ನಡುವೆಯೇ ಕೂರುತ್ತದೆ. ಅಳಿಯ ಎರಡು ಸಲ ನುಡಿಸಿದ್ದು ಅದಕ್ಕೇ, ಜಾಣ.

ಇನ್ನೊಂದು ಮಾತು ಹೇಳಲೇಬೇಕು. ಸಿಗ್ನಲ್ ಹೊರಗೆ ಹೋಗಿ, ಪೆಡಲ್ ಸುತ್ತಿ ಒಳಗೆ ಬರುವಾಗ ಚೂರು ತಡವಾಗುತ್ತದೆ. ಡ್ರೈ ಟ್ರ್ಯಾಕ್ ಶುರುವಾಗುವ ಮೊದಲೇ ಒಂದು ಟಿಕ್ ಸದ್ದು ಅಂಟಿಸಿದ್ದೆ. ವಾಪಸ್ ಬಂದ ಟ್ರ್ಯಾಕ್‌ನಲ್ಲಿ ಆ ಟಿಕ್ 11 ಮಿಲಿಸೆಕೆಂಡ್ ಹಿಂದೆ ಬಿದ್ದಿತ್ತು. 48 ಕಿಲೋಹರ್ಟ್ಸ್‌ನಲ್ಲಿ ಅದು 528 ಸ್ಯಾಂಪಲ್. ಅಷ್ಟು ಮುಂದೆ ಎಳೆದರೆ ಟಿಕ್‌ಗೆ ಟಿಕ್ ಕೂರುತ್ತದೆ. ಎಳೆಯದಿದ್ದರೆ ಡ್ರಮ್ ಜೊತೆ ಗಿಟಾರ್ ಸೋಮಾರಿಯಾಗಿ ಕೇಳುತ್ತದೆ, ನುಡಿಸಿದವನ ಮೇಲೆ ಅಪವಾದ ಬರುತ್ತದೆ.

ಮೂರೂ ಟ್ರ್ಯಾಕ್ ಮುಗಿಸಿ ಕಳಿಸಿದೆ. ರಿವರ್ಬ್, ಡಿಲೇ ಥರದ ಪ್ರತಿಧ್ವನಿ ಏನೂ ಪೆಡಲ್‌ನಲ್ಲಿ ಹಾಕಿರಲಿಲ್ಲ. ಒಂದು ಸಲ ಅಚ್ಚಾದರೆ ತೆಗೆಯಲು ಬರುವುದಿಲ್ಲ, ಆಮೇಲೆ ರೀಪರ್‌ನಲ್ಲೇ ಸೇರಿಸಬಹುದು ಅಂತ. ಸೋಲೋದಲ್ಲಿ ಒಂದೆರಡು ಕಡೆ ಅವನು ತಡೆದು ನಿಂತ ಹಾಗಿತ್ತು. ಸ್ವರ ಹಿಡಿದು, ಬಿಟ್ಟು, ಖಾಲಿ. ಮುಂದಿನದು ಮರೆತಿರಬೇಕು ಅಂದುಕೊಂಡು ಆ ಖಾಲಿಯನ್ನು ಸ್ವಲ್ಪ ಕತ್ತರಿಸಿ ಹತ್ತಿರ ಜೋಡಿಸಿದ್ದೆ.

ಅವನ ಫೋನ್ ಬಂತು. "ಮಾವ, ಮೊದಲನೇ ಭಾಗ ತುಂಬ ಚೆನ್ನಾಗಿದೆ. ನಾನು ಹೇಗೆ ನುಡಿಸಿದ್ದೆನೋ ಹಾಗೇ ಇದೆ. ಸೋಲೋದಲ್ಲಿ ಆ ಗ್ಯಾಪ್ ಯಾಕೆ ತೆಗೆದ್ರಿ?"

"ತಪ್ಪಿ ನಿಂತಿದ್ದಲ್ವಾ ನೀನು?"

"ಇಲ್ಲ ಮಾವ, ಅದು ಡಿಲೇಗೆ ಬಿಟ್ಟಿದ್ದು. ನಾನು ನುಡಿಸಿದ್ದು ವಾಪಸ್ ಬರೋವರೆಗೂ ಕಾಯ್ತಿದ್ದೆ."

ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಅವನ ಕಿವಿಯಲ್ಲಿ ಅವತ್ತು ಡಿಲೇ ಇತ್ತು. ಅದಕ್ಕೆ ಉತ್ತರ ಕೊಡುತ್ತಾ ನುಡಿಸಿದ್ದ. ಡ್ರೈ ಟ್ರ್ಯಾಕ್‌ನಲ್ಲಿ ಅವನ ಪಾಲು ಮಾತ್ರ ಉಳಿದಿತ್ತು, ಅವನು ಯಾರ ಜೊತೆ ಮಾತಾಡುತ್ತಿದ್ದ ಅನ್ನುವುದು ಇರಲಿಲ್ಲ. ಫೋನಿನಲ್ಲಿ ಮಾತಾಡುವವರ ಒಂದೇ ಕಡೆ ಕೇಳಿಸಿಕೊಂಡು, ನಡುವಿನ ಮೌನ ಕತ್ತರಿಸಿದ ಹಾಗಾಯಿತು. ಇನ್ನು ಮೇಲೆ ಯಾರ ಡ್ರೈ ಟ್ರ್ಯಾಕ್ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ನುಡಿಸುವಾಗ ನಿಮ್ಮ ಕಿವಿಗೆ ಏನು ಕೇಳುತ್ತಿತ್ತು?

ಹಾಡಿನ ಲಯ ನಿಮಿಷಕ್ಕೆ 84. ಒಂದು ಬೀಟ್ ಸುಮಾರು 714 ಮಿಲಿಸೆಕೆಂಡ್. ಡಿಲೇ ಅದರ ಮುಕ್ಕಾಲು ಪಾಲು ಇತ್ತು ಅಂತ ಅಳಿಯ ಹೇಳಿದ, ಅಂದರೆ 536. ಕತ್ತರಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿದೆ. ಚಾರ್ಜರ್ ಕಿತ್ತು, ಹೊಸ ಪೆನ್ ಸೆಲ್ ಹಾಕಿ, ಪೆಡಲ್‌ನಲ್ಲಿ ಡಿಲೇ 536ಕ್ಕೆ ಇಟ್ಟು ಸೋಲೋವನ್ನು ಮತ್ತೆ ಬಿಟ್ಟೆ. ಈ ಸಲ ಡಿಲೇ ಸಮೇತ ಅಚ್ಚು ಮಾಡಿದೆ, ಅದು ಎಫೆಕ್ಟ್ ಅಲ್ಲ, ಸೋಲೋದ ಅರ್ಧ ಭಾಗ. ಮೊದಲ ಖಾಲಿ ಜಾಗ ಬಂತು. ಎಡ ಕಿವಿಯಲ್ಲಿ ಅವನು ಸುಮ್ಮನಾದ. ಬಲ ಕಿವಿಯಲ್ಲಿ ಅವನ ಸ್ವರ ವಾಪಸ್ ಬಂತು, ಇನ್ನೊಂದು ಸಲ ಬಂತು, ಆರುವ ಹೊತ್ತಿಗೆ ಸರಿಯಾಗಿ ಅವನು ಮುಂದಿನದನ್ನು ಹಿಡಿದ.

ರಾತ್ರಿ ಹನ್ನೊಂದೂವರೆಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಮೆಸೇಜ್ ಬಂತು. "ಇದೇ ಮಾವ. ಇದೇ." ಅದರ ಕೆಳಗೆ ಇನ್ನೊಂದು. ಬಲಗಡೆಯ ರಿದಮ್‌ನಲ್ಲಿ ದಪ್ಪ ತಂತಿ ಕೊನೆಗೆ ಬರುವಾಗ ಚೂರು ಶ್ರುತಿ ಇಳಿದಿದೆಯಂತೆ, ಈಗ ಸೌಂಡ್ ಸರಿಯಾದ ಮೇಲೆ ಅದು ಎದ್ದು ಕೇಳುತ್ತಿದೆಯಂತೆ. ಕೇಳಿದೆ, ಹೌದು. ಪೆಡಲ್‌ನಿಂದ ಅದು ಸರಿಯಾಗುವುದಿಲ್ಲ. ದಸರಾ ರಜೆಗೆ ಬಂದು ಅದೊಂದನ್ನು ಮತ್ತೆ ನುಡಿಸುತ್ತಾನಂತೆ. ಎರಡು ನಾಬ್‌ನ ಟೇಪ್ ಹಾಗೇ ಬಿಟ್ಟಿದ್ದೇನೆ, ಮುಟ್ಟಬೇಡ ಅಂತ ಮಗಳಿಗೂ ಹೇಳಿದ್ದೇನೆ.